ಹರಿಗೋಲಿನ ಮಾಗಿ

ಹಿಮವೆಂಬ ಮಾತಿಗೆ ನಮ್ಮ ಸೀಮೆಯಲ್ಲಿರುವ ಅರ್ಥವೇ ಬೇರೆ. ನಿಘಂಟುಕಾರರು ಏನೇ ಬರೆದಿರಲಿ, ತಿರುಮಕೂಡಲು ನರಸೀಪುರದಿಂದ ತಲಕಾಡಿನವರೆಗೆ ಕಾವೇರಿಯ ದಡದಲ್ಲಿ ಬಾಳುವವರಿಗೆ ಹಿಮವೆಂದರೆ ಪುಷ್ಯ ಮಾಘಗಳ ಮುಂಜಾನೆ ಹೊಳೆಯ ಮೇಲಿಂದ ಎದ್ದು ಕಬ್ಬಿನ ಗದ್ದೆಯ ಮೇಲೆ ಮಲಗುವ ಬಿಳಿಯ ಮಂಜು. ಹುಲ್ಲಿನ ತುದಿಯಲ್ಲಿ ನಿಲ್ಲುವ ಇಬ್ಬನಿ. "ಇಮ ಸುರೀತಾ ಅದೆ, ತಲೆಗೇನಾರ ಕಟ್ಕಳಿ ಮೇಷ್ಟ್ರೇ" ಎಂದು ಮುಡುಕುತೊರೆಯ ಅಂಬಿಗ ಯಜಮಾನರು ನನಗೆ ಎಷ್ಟು ಸಲ ಹೇಳಿಲ್ಲ! ಹತ್ತು ಹನ್ನೆರಡು ಡಿಗ್ರಿಯ ಚಳಿಗೆ ಮಫ್ಲರು ಸುತ್ತಿಕೊಂಡು ನಡುಗುವ ನಮ್ಮನ್ನು ಕಂಡರೆ ನಿಜವಾದ ಹಿಮದ ನಾಡಿನವರು ನಕ್ಕಾರು. ನಗಲಿ. ದೋಣಿಯ ಹುಚ್ಚು ಹಿಡಿದವನಿಗೆ ಮಾಗಿಯ ಕಷ್ಟವೆಲ್ಲ ಚಳಿಯಿಂದಲೇ ಬರುವುದಿಲ್ಲವೆಂಬುದನ್ನು 2023–24ರ ಮಾಗಿ ನನಗೆ ಚೆನ್ನಾಗಿಯೇ ತೋರಿಸಿಕೊಟ್ಟಿತು.

ನನಗಿರುವ ಹುಚ್ಚು ಹರಿಗೋಲಿನದು. ವಾರವೆಲ್ಲ ಮೈಸೂರಿನಲ್ಲಿ ಹುಡುಗರಿಗೆ ಹಳಗನ್ನಡ ಪಾಠ ಹೇಳಿ, ಭಾನುವಾರ ಬೆಳಗಿನ ಬಸ್ಸು ಹಿಡಿದು ಮುಡುಕುತೊರೆಯಲ್ಲಿಳಿದು, ಬೆಟ್ಟದ ಮೇಲಿನ ಮಲ್ಲಿಕಾರ್ಜುನನಿಗೆ ಕೆಳಗಿನಿಂದಲೇ ಕೈಮುಗಿದು ನೆಟ್ಟಗೆ ಹೊಳೆಗೆ ನಡೆಯುವವನು ನಾನು. ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬನಾದ ಆ ದೇವರು ನನ್ನ ಅವಸರವನ್ನು ಮನ್ನಿಸಿದ್ದಾನೆಂದು ನಂಬಿದ್ದೇನೆ. ತೊರೆ ಇಲ್ಲಿ ಬಾಗಿ ತಿರುಗುವುದರಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಬಾಗಿದೆಡೆಯಲ್ಲಿ ನೀರಿನ ನಡೆ ಎರಡಾಗುತ್ತದೆ. ಹೊರದಂಡೆಯಲ್ಲಿ ಸೆಳವು, ಒಳದಂಡೆಯಲ್ಲಿ ಮಂದಗತಿ ಮತ್ತು ಮರಳು. ಈ ಎರಡರ ನಡುವಣ ಗೆರೆಯ ಮೇಲೆ ಹರಿಗೋಲನ್ನು ಹಿಡಿದು ನಿಲ್ಲಿಸುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಸುತ್ತುವುದೇ ಅದರ ಜನ್ಮಸ್ವಭಾವ. ಮೊಣಕಾಲೂರಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತನ್ನ ಎದೆಯ ಕಡೆಗೆ ಎಳೆದುಕೊಳ್ಳುತ್ತ ಹೋದರೆ ಮಾತ್ರ ಅದು ಒಲ್ಲದ ಮನಸ್ಸಿನಿಂದ ನೇರವಾಗಿ ಸಾಗುತ್ತದೆ. 16ನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದರೆಂದೂ ಅವು ಯಾವಾಗಲೂ ಸುತ್ತುತ್ತಲೇ ಇರುವುವೆಂದೂ ಬರೆದಿಟ್ಟಿದ್ದಾನೆ. ಅವನಿಗೂ ಸುಮಾರು ಎರಡು ಸಾವಿರ ವರ್ಷ ಹಿಂದೆ ಗ್ರೀಕರ ಹೆರೊಡೋಟಸನು ಬ್ಯಾಬಿಲೋನಿನಲ್ಲಿ ಇಂಥವನ್ನೇ ಕಂಡು ಬೆರಗಾಗಿದ್ದ. ಅಲ್ಲಿಯ ಅಂಬಿಗರು ದೋಣಿಯಲ್ಲಿ ಕತ್ತೆಯೊಂದನ್ನೂ ಹತ್ತಿಸಿಕೊಂಡು ಹೊಳೆಯಿಳಿದು ಬರುತ್ತಿದ್ದರಂತೆ. ಸರಕೆಲ್ಲ ಮಾರಿದ ಮೇಲೆ ದೋಣಿಯ ಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಹಿಂದಿರುಗುತ್ತಿದ್ದರಂತೆ. ದೋಣಿಯನ್ನು ಕಾಪಾಡುವ ಚಿಂತೆಯೇ ಅವರಿಗಿರಲಿಲ್ಲ! ನಮ್ಮವರ ಪಾಡು ಅಂಥದಲ್ಲ. ಸೀಳಿದ ಬಿದಿರ ದಬ್ಬೆಗಳನ್ನು ಹೆಣೆದು, ಅಂಚಿಗೆ ದಪ್ಪನಾದ ಜಡೆ ಕಟ್ಟಿ, ಹಿಂದೆ ತೊಗಲನ್ನು ಹೊದಿಸುತ್ತಿದ್ದ ಕಡೆ ಈಗ ಪ್ಲಾಸ್ಟಿಕ್ ಚೀಲವನ್ನೋ ತಾಡಪಾಲನ್ನೋ ಹೊದಿಸಿ, ಮೇಲೆ ಡಾಂಬರು ಬಳಿದು ಮಾಡಿದ ಹರಿಗೋಲನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳುವುದಕ್ಕೆ ನೀರು ಬೇಕು. ಇದು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ನೆನೆದಿರುವ ಬಿದಿರು ಬಳುಕುತ್ತದೆ, ಹುಳುವಿಗೆ ರುಚಿಸುವುದಿಲ್ಲ. ಒಣಗಿದ ಬಿದಿರು ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ. ಕುಟ್ಟೆ ಹಿಡಿದು ಹಿಟ್ಟಾಗಿ ಉದುರುತ್ತದೆ. ಡಾಂಬರೋ, ಬಿಸಿಲಿಗೆ ಮೆತ್ತಗಾಗಿ, ಬೆಳಗಿನ ಚಳಿಗೆ ಬಿರುಸಾಗಿ, ದಿನಕ್ಕೆರಡು ಸಲ ಬದಲಾಗುತ್ತ ಕೊನೆಗೆ ಬಿರುಕು ಬಿಡುತ್ತದೆ.

ಈ ಪ್ರಸಂಗದಲ್ಲಿ ಬಾಸ್ಟನ್ನಿನಲ್ಲಿರುವ ನನ್ನ ದೊಡ್ಡಪ್ಪನ ಮಗನ ಮಾತನ್ನು ಎತ್ತದೆ ಇರಲಾರೆ. ಹುಡುಗನಾಗಿದ್ದಾಗ ಇದೇ ಹೊಳೆಯಲ್ಲಿ ಈಜು ಕಲಿತವನು. ಅಲ್ಲಿ ಚಾರ್ಲ್ಸ್ ನದಿಯಲ್ಲಿ ಆಡಲೆಂದು ಒಬ್ಬರೇ ಕೂರುವ ಪುಟ್ಟ ದೋಣಿಯೊಂದನ್ನು ಕೊಂಡಿದ್ದಾನೆ. 2014–15ರ ಮಾಗಿಯಲ್ಲಿ ಆ ಊರಿನ ಮೇಲೆ ನೂರೆಂಟು ಅಂಗುಲಕ್ಕೂ ಮಿಗಿಲಾಗಿ ಹಿಮ ಬಿದ್ದಿತು. ಫೆಬ್ರವರಿಯೊಂದರಲ್ಲೇ ಅರವತ್ತಂಗುಲ ಮೀರಿತ್ತು. ಅಲ್ಲಿ ಲೆಕ್ಕವಿಡಲು ತೊಡಗಿದ ಮೇಲೆ ಅಷ್ಟು ಹಿಮ ಯಾವ ಮಾಗಿಯಲ್ಲಿಯೂ ಬಿದ್ದಿರಲಿಲ್ಲ. ಬೀದಿಗಳಿಂದ ಎತ್ತಿ ಒಂದೆಡೆ ಗುಡ್ಡೆ ಹಾಕಿದ ಹಿಮ ಪೂರ್ತಿ ಕರಗಿದ್ದು ಜುಲೈ ತಿಂಗಳ ನಡುವಿನಲ್ಲಿ! ಅಣ್ಣ ಪ್ರತಿ ಭಾನುವಾರವೂ ಫೋನು ಮಾಡಿ ದೋಣಿಯ ಕ್ಷೇಮಸಮಾಚಾರ ತಿಳಿಸುತ್ತಿದ್ದ. ಅದನ್ನು ಹಿತ್ತಲಲ್ಲಿ ಬೋರಲು ಹಾಕಿದ್ದನಂತೆ. ಮೇಲೆ ಕೂತ ಹಿಮದ ಭಾರಕ್ಕೆ ಅಡಿಭಾಗ ಕುಸಿದೀತೆಂದು ಸಲಿಕೆ ಹಿಡಿದು, ಮೊದಲು ದೋಣಿಯ ಮೇಲಿನದನ್ನು ತೆಗೆದು ಆಮೇಲೆ ಮನೆಬಾಗಿಲಿನದನ್ನು ತೆಗೆಯುತ್ತಿದ್ದನಂತೆ. ಅತ್ತಿಗೆಯ ಅಭಿಪ್ರಾಯ ಏನಿದ್ದಿತೆಂಬುದನ್ನು ಅವನು ತಿಳಿಸಲಿಲ್ಲ. ನೀರು ಹೆಪ್ಪುಗಟ್ಟುವಾಗ ಹತ್ತರಲ್ಲೊಂದು ಪಾಲಿನಷ್ಟು ಹಿಗ್ಗುವುದರಿಂದ, ಸಂದಿಯಲ್ಲಿ ಉಳಿದ ಬೊಗಸೆ ನೀರೇ ದೋಣಿಯನ್ನು ಸೀಳಬಲ್ಲದು. ಅಲ್ಲಲ್ಲಿ ಹಿಮ ಒಡೆದು ನೀರು ಕಂಡಿತೆಂದು ಇಳಿಯುವ ಹಾಗೂ ಇಲ್ಲ. ಆ ತಣ್ಣೀರಿಗೆ ಬಿದ್ದವನಿಗೆ ಮೊದಲ ನಿಮಿಷದಲ್ಲೇ ಉಸಿರು ಮೇಲಕ್ಕೆಳೆದು ನೀರು ಕುಡಿದು ಸಾಯುವ ಭಯವುಂಟು. ಅಂತೂ ಅವನು ನಾಲ್ಕು ತಿಂಗಳು ಹುಟ್ಟನ್ನು ಮುಟ್ಟಲಿಲ್ಲ. ಆಗ ನಾನು ಅವನನ್ನು ಕುರಿತು ಮರುಗಿದ್ದೆ. ಹಿಮದ ಕಾಟವಿಲ್ಲದ ಊರಿನಲ್ಲಿ ಹುಟ್ಟಿದ ಹೆಮ್ಮೆಯೂ ಆ ಮರುಕದಲ್ಲಿ ತುಸು ಬೆರೆತಿತ್ತೆನ್ನಬೇಕು.

ಎಂಟೊಂಬತ್ತು ವರ್ಷಕ್ಕೆ ಸರದಿ ನನ್ನದಾಯಿತು. ಅವನ ನೀರು ಕಲ್ಲಾಗಿದ್ದರೆ ನನ್ನ ನೀರು ಮರಳಾಯಿತು.

2023ರ ಆಗಸ್ಟು ತಿಂಗಳು ಇಡೀ ದೇಶಕ್ಕೇ 1901ರಿಂದೀಚೆಗೆ ಕಂಡರಿಯದಷ್ಟು ಒಣ ಆಗಸ್ಟು ಎನಿಸಿತು. ರಾಜ್ಯದ ಮುಕ್ಕಾಲಿಗೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಕನ್ನಂಬಾಡಿಯ ಕಟ್ಟೆ ಆ ವರ್ಷ ತುಂಬಲೇ ಇಲ್ಲ. ಮುಡುಕುತೊರೆಯ ನೀರಿಗೆ ಇಬ್ಬರು ಯಜಮಾನರು. ಕಾವೇರಿಯ ನೀರನ್ನು ಕನ್ನಂಬಾಡಿ ಹಿಡಿದಿರುತ್ತದೆ, ಕಪಿಲೆಯ ನೀರನ್ನು ಕಬಿನಿ ಜಲಾಶಯ ಹಿಡಿದಿರುತ್ತದೆ. ಇವರು ಬಿಟ್ಟದ್ದು ತಿರುಮಕೂಡಲಿನ ಸಂಗಮದಲ್ಲಿ ಕೂಡಿ ನಮಗೆ ಬರಬೇಕು. ಅಂಬಿಗ ಯಜಮಾನರು ಆಕಾಶ ನೋಡುವುದನ್ನು ಎಂದೋ ಬಿಟ್ಟಿದ್ದರು. ಕಟ್ಟೆಯ ಮಟ್ಟ ಎಷ್ಟು, ಹೊರಹರಿವು ಎಷ್ಟು ಎಂದು ದಿನಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಅಂಕಿಗಳೇ ಅವರ ಪಂಚಾಂಗ. ಆ ಪಂಚಾಂಗದಲ್ಲಿ ಆ ವರ್ಷ ಒಳ್ಳೆಯ ದಿನವೇ ಇರಲಿಲ್ಲ.

ಧನುರ್ಮಾಸ ಬರುವ ಹೊತ್ತಿಗೆ ಹೊಳೆಯ ಎಲುಬು ಕಾಣತೊಡಗಿತು. ನಾನು ನೀರಿನಡಿಯಲ್ಲಿ ಬರಿಯ ಹುಟ್ಟಿನ ತುದಿಯಿಂದ ಮುಟ್ಟಿ ಬಲ್ಲ ಬಂಡೆಗಳು ಮೈ ಒಣಗಿಸಿಕೊಂಡು ಕುಳಿತಿದ್ದವು. ಹರಿಗೋಲಿಗೆ ಅಂಗೈಯಗಲದ ಆಳ ಸಾಕು ಎನ್ನುತ್ತಾರೆ. ನಿಜ, ಆದರೆ ಕಲ್ಲಿನ ಮೇಲೆ ಒಂದು ಸಲ ಉಜ್ಜಿದರೆ ಡಾಂಬರು ಕಿತ್ತು ಬರುತ್ತದೆ. ಅದಕ್ಕಿಂತ ಭಯಂಕರವಾದದ್ದು ಮೊಣಕಾಲುದ್ದದ ನೀರಿನ ಮೋಸ. ಸೆಳವು ಕೊರೆದ ಮಡುಗಳೂ ಮರಳು ತೆಗೆದ ಗುಂಡಿಗಳೂ ಆ ತೆಳುನೀರಿನ ನಡುವೆ ಗುರುತೇ ಇಲ್ಲದೆ ಅಡಗಿರುತ್ತವೆ. ತುಂಬಿದ ಹೊಳೆಗೆ ಹೆದರುವ ಪಟ್ಟಣದ ಹುಡುಗರು ಬಡಕಲು ಹೊಳೆಗೆ ಹೆದರುವುದಿಲ್ಲ. ನಡೆದುಕೊಂಡು ಹೋಗಿ ಮುಳುಗುತ್ತಾರೆ. ಯಜಮಾನರು ಬರುವವರಿಗೆಲ್ಲ ಕೂಗಿ ಹೇಳಿ ಹೇಳಿ ಗಂಟಲು ಕಟ್ಟಿಕೊಳ್ಳುತ್ತಿದ್ದರು. ಅವರ ಸಂಪಾದನೆ ನಿಂತುಹೋಗಿತ್ತು. ಈ ಸಂಬಳವಿಲ್ಲದ ಕೆಲಸ ಮಾತ್ರ ನಿಂತಿರಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ ಅವರು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡ ಹತ್ತಿದರು. ಮಂಜಿನಲ್ಲಿ ಮನುಷ್ಯ ಕಾಣದೆ, ಎರಡು ಕಾಲಿನ ಮೇಲೆ ದೊಡ್ಡದೊಂದು ಆಮೆ ನಡೆದು ಬಂದಂತಿತ್ತು. ಹುಣಸೆಯ ಮರದಡಿ ಇಳಿಸಿ, ಸುಧಾರಿಸಿಕೊಂಡು, ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಮಗ ಕಾವಲುಗಾರನ ಕೆಲಸ ಗೊತ್ತು ಮಾಡಿದ್ದಾನೆಂದು ಹೇಳಿದರು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಕಸುಬು ಗೇಟಿನ ಬಳಿ ಸೀಟಿ ಊದಲು ಹೋಗುತ್ತಿದೆಯಲ್ಲಾ ಎಂದು ನನ್ನ ಎಂ.ಎ. ಮನಸ್ಸು ನೊಂದಿತು. ಅವರಿಗೆ ಅಂಥ ನೋವೇನೂ ಇದ್ದಂತೆ ಕಾಣಲಿಲ್ಲ.

"ಇದನ್ನೇನು ಮಾಡುತ್ತೀರಿ, ಯಜಮಾನರೇ?" ಎಂದು ಕೇಳಿದೆ.

"ಏನ್ ಮಾಡಾದು? ಒಣಗದ್ರೆ ಒಲೆಗಾಯ್ತದೆ."

"ನಾನು ನೋಡಿಕೊಳ್ಳುತ್ತೇನೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ವಾರಕ್ಕೊಂದ್ ದಿನ ನೋಡಕೆ ಇದೇನು ನೆಂಟ್ರ ಮನೆ ಹಸುವಾ ಮೇಷ್ಟ್ರೇ?" ಎಂದರು. ಆದರೂ ಹೇಳಿಕೊಟ್ಟರು: ನೆಲಕ್ಕೆ ತಾಗದಂತೆ ಮೂರು ಕಲ್ಲಿನ ಮೇಲೆ ಬೋರಲು ಹಾಕಬೇಕು, ಕಲ್ಲಿನ ಸುತ್ತ ಬೂದಿ ಸುರಿಯಬೇಕು, ಗೆದ್ದಲು ಹತ್ತದಿರಲೆಂದು, ಬಿದಿರಿಗೆ ಹದಿನೈದು ದಿನಕ್ಕೊಮ್ಮೆ ಹೊಂಗೆಯೆಣ್ಣೆ ಸವರಬೇಕು, ವಾರಕ್ಕೊಮ್ಮೆ ಮಡುವಿಗೆ ಹೊತ್ತು ಒಂದು ಹೊತ್ತು ನೆನೆಯಲು ಬಿಡಬೇಕು. ಹೊರುವಾಗ ಗಾಳಿಗೆ ಅಡ್ಡ ನಿಲ್ಲಬಾರದು.

ಮಾಘಮಾಸದ ಚಳಿಯಲ್ಲಿ ನಾನು ನಡೆಸಿದ ನೌಕಾಯಾನ ಇಷ್ಟೇ. ಒಂದು ವಾರ ಅದರಡಿಯಲ್ಲಿ ಮೇಕೆಯೊಂದು ಮರಿ ಹಾಕಿತ್ತು. ಅದರ ಒಡತಿ, "ಎಳೇ ಮರಿ ಇಮಕ್ಕೆ ಸತ್ತೋಯ್ತದೆ, ಎಬ್ಬಿಸ್ಬ್ಯಾಡಿ ಸ್ವಾಮಿ" ಎಂದಳು. ಆ ಭಾನುವಾರ ಎಣ್ಣೆಯ ಶೀಸೆ ಹಾಗೆಯೇ ಹಿಂದಕ್ಕೆ ಬಂದಿತು. ಮಲ್ಲಿಕಾರ್ಜುನನ ಜಾತ್ರೆ ನೆರೆದಾಗ ಇನ್ನೊಂದು ಪೇಚು. ಮುಡುಕುತೊರೆಯ ದನಗಳ ಜಾತ್ರೆಯೆಂದರೆ ಸಾಮಾನ್ಯವೇ? ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕರೆತರುವ ರೈತರು, ವ್ಯಾಪಾರಿಗಳು, ಹುಲ್ಲಿನ ಹೊರೆಗಳು. ರೈತನೊಬ್ಬನು ನಮ್ಮ ಹರಿಗೋಲನ್ನು ಅಂಗಾತ ಮಾಡಿ, ಅದಕ್ಕೆ ಬೂಸಾ ಕಲಸಿ, ತನ್ನ ಜೋಡಿಗೆ ಉಣ್ಣಲಿಟ್ಟಿದ್ದ! ದೋಣಿಯೆಂದು ತಿಳಿದಾಗ ಅವನು ಪಟ್ಟ ಸಂಕೋಚ ಹೇಳತೀರದು; ತಾನೇ ತೊಳೆದು, ಮಡುವಿನವರೆಗೆ ಹೊತ್ತು ಕೊಟ್ಟ. ಮೈಸೂರಿಗೆ ಬಂದು ಯಜಮಾನರಿಗೆ ಇದನ್ನು ತಿಳಿಸಿದಾಗ ಗೇಟಿನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅವರು ಮೊದಲು ಕೇಳಿದ್ದು, "ನೀರೆಷ್ಟದೆ?" ಎಂಬ ಒಂದೇ ಮಾತು.

ನೀರು ಬಂದದ್ದು 2024ರ ಜುಲೈಯಲ್ಲಿ. ಬಂದ ರೀತಿಯನ್ನೇನು ಹೇಳಲಿ! ಕನ್ನಂಬಾಡಿ ತನ್ನ 124.80 ಅಡಿಯನ್ನು ಮುಟ್ಟಿತು; ತಿಂಗಳು ಮುಗಿಯುವುದರೊಳಗೆ ಅಲ್ಲಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಟಿತು; ಕಪಿಲೆಯೂ ಉಕ್ಕಿತು. ಏಳು ತಿಂಗಳು ಹನಿಯಿಲ್ಲವೆಂದು ದೋಣಿ ದಡದಲ್ಲಿ. ಈಗ ಹೊಳೆಗಿಳಿಯಕೂಡದೆಂಬ ಆಜ್ಞೆಯಿಂದ ದೋಣಿ ದಡದಲ್ಲಿ. ಹುಣಸೆಯ ಮರದ ಬುಡಕ್ಕೂ ನೀರು ಬಂದೀತೆಂಬ ಭಯದಿಂದ ಅದನ್ನು ಇನ್ನೂ ಮೇಲಕ್ಕೆ ಸಾಗಿಸಬೇಕಾಯಿತು. ಆ ದಿನ ನನ್ನ ಜೊತೆ ಭುಜ ಕೊಟ್ಟವರು ಯಜಮಾನರೇ. ಪ್ರವಾಹದ ಸುದ್ದಿ ಓದಿದವರು ಯಾರಿಗೂ ಹೇಳದೆ ಬೆಳಗಿನ ಬಸ್ಸಿಗೆ ಬಂದುಬಿಟ್ಟಿದ್ದರು. ಕಾವಲಿನ ಕೆಲಸವೇನಾಯಿತೆಂದು ನಾನು ಕೇಳಲಿಲ್ಲ.

ಹೊಳೆ ಇಳಿದು ತಿಳಿಯಾದ ಮೇಲೆ ಹರಿಗೋಲನ್ನು ಅಂಗಾತ ಮಾಡಿ ಒಳಗೆ ನೀರು ತುಂಬಿಸಿ ನೋಡಿದೆವು. ಮೂರೆಡೆ ಒಸರಿತು. ಒಂದೆಡೆ ನಾಲ್ಕು ದಬ್ಬೆಗಳನ್ನು ಕುಟ್ಟೆ ತಿಂದಿತ್ತು, ಅದನ್ನು ಬೆರಳಿನಿಂದ ಪುಡಿ ಮಾಡಿ ತೋರಿಸಿ ಯಜಮಾನರು, "ಮೇಕೆ ಮಲಗಿದ್ ಜಾಗ ಇದೇಯಾ?" ಎಂದರು. ಹೌದೆಂದೆ. ಹೊಸ ದಬ್ಬೆ ಸೇರಿಸಿ ಹೆಣೆದು, ಡಾಂಬರು ಕಾಯಿಸಿ ಬಳಿದು, ಆರಲು ಎರಡು ದಿನ ಬಿಟ್ಟೆವು. ಅಣ್ಣನಿಗೆ ಪಟ ಕಳಿಸಿದೆ. ಅವನು, "ಹಿಮ ಸೋತಿತು, ಮೇಕೆ ಗೆದ್ದಿತು" ಎಂದು ಉತ್ತರಿಸಿದ.

ನೀರಿಗಿಳಿಸಿದ ದಿನ ಹುಟ್ಟನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಮೊಣಕಾಲೂರಿ ಕುಳಿತು, ಸೆಳವಿನ ಗೆರೆಯ ಮೇಲೆ ಒಂದು ಸುತ್ತು ಬಿಟ್ಟು, ಆಚೆ ದಡಕ್ಕೆ ಮುಟ್ಟಿಸಿ ಕೈಚಾಚಿದರು: "ಇಪ್ಪತ್ ರೂಪಾಯಿ ಕೊಡಿ ಮೇಷ್ಟ್ರೇ. ಬೋಣಿ ಸಾಲ ಆಗ್ಬಾರ್ದು."