ಗಿರಣಿಯ ನೆಲದಲ್ಲಿ ನಮಗೆಷ್ಟು ಜಾಗ?

ಪರೇಲ್, ಲಾಲ್‌ಬಾಗ್, ವರ್ಲಿ ಕಡೆಯ ಹಳೆಯ ಕನ್ನಡಿಗರಿಗೆ ಗಿರಣಗಾವ್ ಎಂದರೆ ಮೊದಲು ನೆನಪಾಗುವುದು ಭೋಂಗಾ. ಅದು ಕೂಗಿತೆಂದರೆ ಪಾಳಿ ಬದಲಾಯಿತು ಎಂದರ್ಥ. ಗಿರಣಿಯ ಗೇಟಿನ ಬದಿಯಲ್ಲಿದ್ದ ನನ್ನ ಮಾವನ ಹೋಟೆಲೂ ಅದರ ಲೆಕ್ಕದಲ್ಲೇ ಏಳುತ್ತಿತ್ತು, ಮಲಗುತ್ತಿತ್ತು. 1979ರಲ್ಲಿ ಕುಂದಾಪುರದ ಕಡೆಯಿಂದ ಬಂದ ನಾನು ಹಗಲು ಅಲ್ಲಿ ಕಪ್ಪು-ಬಶಿ ತೊಳೆದು, ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದೆ. ಬಣ್ಣದ ಖಾತೆಯವರು ಚಹಾಕ್ಕೆ ಬಂದರೆ ಅವರ ಉಗುರು ನೋಡಿ ಅಂದು ಯಾವ ಬಣ್ಣ ಹಾಕಿದ್ದಾರೆಂದು ಹೇಳಬಹುದಿತ್ತು. ಹಿಂದಿನ ಗಟಾರದ ನೀರೂ ಅದೇ ಬಣ್ಣ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತನದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಮಾವನ ಉದ್ರಿ ಪುಸ್ತಕ ತುಂಬಿತು, ಗಲ್ಲಾ ಖಾಲಿಯಾಯಿತು. ಮರುವರ್ಷ ಅವರು ಹೋಟೆಲ್ ಮುಚ್ಚಿ ಊರಿಗೆ ಹೋದರು. ನಾನು ಇಲ್ಲೇ ಉಳಿದೆ.

ಗಿರಣಿಗಳು ನಿಂತರೂ ನೆಲ ಉಳಿಯಿತು. 58 ಗಿರಣಿಗಳ ಸುಮಾರು 600 ಎಕರೆ! 1991ರ ಡಿ.ಸಿ.ಆರ್. 58ರ ಪ್ರಕಾರ ಆ ನೆಲ ಸ್ಥೂಲವಾಗಿ ಮೂರು ಪಾಲಾಗಬೇಕಿತ್ತು: ಒಂದು ಪಾಲು ತೆರೆದ ಜಾಗಕ್ಕೆಂದು ಪಾಲಿಕೆಗೆ, ಒಂದು ಮನೆಗಳಿಗೆಂದು ಮ್ಹಾಡಾಕ್ಕೆ, ಒಂದು ಮಾಲೀಕರಿಗೆ. ರಾಷ್ಟ್ರೀಯ ಜವಳಿ ನಿಗಮದ ಗಿರಣಿಗಳನ್ನೆಲ್ಲ ಒಟ್ಟಾಗಿ ನೋಡಿ ಯೋಜನೆ ಮಾಡಲು 1996ರಲ್ಲಿ ಚಾರ್ಲ್ಸ್ ಕೊರಿಯಾ ಸಮಿತಿಯೂ ಬಂತು. ಆದರೆ 2001ರಲ್ಲಿ ನಿಯಮ ತಿದ್ದುಪಡಿಯಾಯಿತು. ಕಟ್ಟಡವಿಲ್ಲದ ಖಾಲಿ ನೆಲವನ್ನಷ್ಟೇ ಹಂಚಿದರೆ ಸಾಕಾಯಿತು. ಗಿರಣಿಯೊಳಗೆ ಖಾಲಿ ನೆಲ ಎಷ್ಟಿರುತ್ತದೆ? 2005ರಲ್ಲಿ ಹೈಕೋರ್ಟ್ ಜನರ ಪರವಾಗಿ ಹೇಳಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಊರಿಗೆ ಸಿಗಬೇಕಿದ್ದ ದೊಡ್ಡ ಬಯಲು ತುಂಡುತುಂಡಾಯಿತು.

ಇದು ಬರೀ ಗಿಡ-ಮರದ ಮಾತಲ್ಲ. ಹಳೆಯ ಗಿರಣಿಗಳಲ್ಲಿ ಆಫೀಸುಗಳು ಎದ್ದವು, ಸ್ಟೇಷನ್ನಿನ ಸೇತುವೆ ಮಾತ್ರ ಅಗಲವಾಗಲಿಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸೇತುವೆಯ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಮೂರು ತಿಂಗಳಿಗೆ ಸರಿಯಾಗಿ, ಡಿಸೆಂಬರ್ 29ರಂದು, ಕಮಲಾ ಮಿಲ್ಸ್ ಆವರಣದ ಬೆಂಕಿಗೆ 14 ಜನ ಬಲಿಯಾದರು. ಆ ಸೇತುವೆಯಲ್ಲಿ ನಾನು ವರ್ಷಗಟ್ಟಲೆ ಓಡಾಡಿದ್ದೇನೆ. ಕಾಲಿಡಲು ಜಾಗವಿಲ್ಲ ಎಂಬ ಮಾತಿನ ಅರ್ಥ ನನಗೆ ಗೊತ್ತು.

ಈಗ ನಮ್ಮ ಚಾಳ್ ಹೋಗಿ ಟವರ್ ಬಂದಿದೆ. ಬದಿಯಲ್ಲಿ ಹಳೆಯ ಗಿರಣಿಯೊಂದರ ಸಣ್ಣ ತುಂಡು ಪತ್ರದ ಬೇಲಿಯೊಳಗೆ ಬಿದ್ದಿದೆ. ಉದ್ಯಾನ ಬೇಕೆಂದು ಸೊಸೈಟಿಯವರು ಅರ್ಜಿ ಬರೆದರು. ಮಣ್ಣಿನ ಪರೀಕ್ಷೆಯೂ ಬೇಕೆಂದು ಸೇರಿಸಿ ಎಂದೆ ನಾನು. ಬಣ್ಣದ ಖಾತೆ ಇದ್ದದ್ದು ಅಲ್ಲೇ. ಬಣ್ಣ, ಬ್ಲೀಚಿಂಗಿನ ರಾಸಾಯನಿಕ, ಬಾಯ್ಲರಿನ ಎಣ್ಣೆ ದಶಕಗಟ್ಟಲೆ ಇಳಿದ ನೆಲವದು. ಮೊಮ್ಮಗ ಆಡುವುದು ಮಣ್ಣಿನಲ್ಲಿ, ನಕಾಶೆಯಲ್ಲಲ್ಲ. "ಕಾಕಾ, ಪರೀಕ್ಷೆ ಅಂತ ಕೂತರೆ ಆ ಜಾಗವೂ ಕೈಬಿಡುತ್ತದೆ" ಎಂದಳು ಪಕ್ಕದ ಮನೆಯ ಹುಡುಗಿ. ಅವಳ ಹೆದರಿಕೆ ಸುಳ್ಳಲ್ಲ. ಇಲ್ಲಿ ತಡವಾದದ್ದು ಹೆಚ್ಚಾಗಿ ಸಿಮೆಂಟಾಗುತ್ತದೆ.

ಆದರೆ ಧಾರಾವಿಯ ಪಕ್ಕ, ಮೀಠಿ ನದಿಯ ದಂಡೆಗೆ ಹೋಗಿ ನೋಡಿ. ಇಂದಿನ ಮಹಾರಾಷ್ಟ್ರ ನೇಚರ್ ಪಾರ್ಕ್ ಹಿಂದೆ ಊರಿನ ಕಸ ಸುರಿಯುತ್ತಿದ್ದ ಜಾಗ. ಕಸದ ಮೇಲೆ ಮಣ್ಣು ಹೊದಿಸಿ, 1983ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಕೈಯಿಂದ ಮೊದಲ ಸಸಿ ನೆಡಿಸಿದರು. ಜನರಿಗೆ ತೆರೆದದ್ದು 1994ರಲ್ಲಿ. ಇಂದು ಸುಮಾರು 37 ಎಕರೆ ಕಾಡು. ಹನ್ನೊಂದು ವರ್ಷ ಆ ನೆಲ ಕೈಬಿಡದಿದ್ದುದಕ್ಕೆ ಕಾರಣ, ಅದು ಏನಾಗಬೇಕೆಂದು ಮೊದಲೇ ಗೊತ್ತಿತ್ತು.

ಹಾಗಾಗಿ ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದೆವು: ಜಾಗ ಉದ್ಯಾನಕ್ಕೇ ಮೀಸಲು ಎಂಬ ಫಲಕ ಈಗಲೇ ಹಾಕಲಿ, ಒಳಗೆ ಬಿಡುವ ಮೊದಲು ಮಣ್ಣು ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆಯಲಿ ಅಥವಾ ಶುದ್ಧ ಮಣ್ಣು ಹೊದಿಸಲಿ. ಮಲಿನ ಜಾಗಗಳ ನಿರ್ವಹಣೆಗೆಂದು ಕೇಂದ್ರ ಸರಕಾರ 2025ರ ಜುಲೈಯಲ್ಲಿ ನಿಯಮಗಳನ್ನೇ ತಂದಿದೆ. ಸಂಶಯದ ಜಾಗವನ್ನು ಸ್ಥಳೀಯ ಆಡಳಿತ ಗುರುತಿಸಬೇಕು, ಮಾಲಿನ್ಯ ಮಂಡಳಿ ತಪಾಸಣೆ ಮಾಡಬೇಕು, ಕೆಡಿಸಿದವರೇ ಖರ್ಚು ಕೊಡಬೇಕು ಎಂಬುದು ಅದರ ಸಾರ.

ನೀವಿರುವ ಊರಿನಲ್ಲೂ ಮುಚ್ಚಿದ ಕಾರ್ಖಾನೆಯೊಂದು ಇದ್ದೀತು. ಅಲ್ಲಿ ಏನು ಕಟ್ಟುತ್ತಾರೆಂದು ಕೇಳುವ ಮೊದಲು, ಅಲ್ಲಿ ಏನು ತಯಾರಾಗುತ್ತಿತ್ತೆಂದು ಹಳಬರನ್ನು ಕೇಳಿ. ಆ ನೆಲದ ಲೆಕ್ಕ ಗೊತ್ತಿರುವವರು ಅವರೇ. ಅವರೂ ಈಗ ಬೆರಳೆಣಿಕೆಯಷ್ಟು.