ಮದುವೆಯ ಚಿತ್ರಗಳು ನಮ್ಮವೇ ಆಗಿರಲಿ

ನಮ್ಮ ಮದುವೆ ಗೊತ್ತಾದಾಗ ಛಾಯಾಗ್ರಾಹಕರೊಬ್ಬರು ತಂದು ತೋರಿಸಿದ ಆಲ್ಬಮ್‌ನಲ್ಲಿ ವಧೂವರರು ಜಾಹೀರಾತಿನ ರೂಪದರ್ಶಿಗಳಂತೆ ಓರೆಯಾಗಿ ನಿಂತು, ನಗದೆ, ದೂರವನ್ನು ದಿಟ್ಟಿಸುತ್ತಿದ್ದರು. ಚಿತ್ರಗಳು ಸೊಗಸಾಗಿದ್ದುವೆಂಬುದನ್ನು ಅಲ್ಲಗಳೆಯಲಾರೆವು. ಒಂದೇ ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಎದ್ದು ಕಾಣುತ್ತಿತ್ತು.

ಆದರೆ ಅಂಥ ಚಿತ್ರ ತಾನಾಗಿ ಒದಗುವುದಿಲ್ಲ. ಗದ್ದ ಎತ್ತಿ, ಭುಜ ತಿರುಗಿಸಿ ಎಂದು ಒಬ್ಬರು ಹೇಳುತ್ತಿರಬೇಕು, ಇಬ್ಬರು ಬೇಸರವಿಲ್ಲದೆ ಕೇಳುತ್ತಿರಬೇಕು. ಮನೆಯ ಹಿತ್ತಲಿನಲ್ಲಿ ಅರ್ಧ ಗಂಟೆ ನಿಂತು ಪರೀಕ್ಷಿಸಿಕೊಂಡೆವು. ನಮ್ಮಲ್ಲೊಬ್ಬರಿಗೆ ಅದು ಆಟವಾಯಿತು. ಇನ್ನೊಬ್ಬರ ಮುಖ ಗುರುತಿನ ಚೀಟಿಯ ಮುಖದಂತೆ ಬಿಗಿದುಕೊಂಡಿತು.

ಅಷ್ಟಾದರೆ ನಕ್ಕು ಬಿಡಬಹುದಿತ್ತು. ವಿಭೂತಿ ಬೆಳಕಿಗೆ ಹೊಳೆಯುತ್ತದೆ, ತುಸು ಒರೆಸಿಕೊಳ್ಳಿ. ಕೊರಳಿನ ಕರಡಿಗೆ ಒಡವೆಗಳ ಅಂದ ಕೆಡಿಸುತ್ತದೆ, ತೆಗೆದಿಡಿ ಎಂದು ಅವರು ಸಹಜವಾಗಿ ಸೂಚಿಸಿದರು. ಅಂಗದಿಂದ ಲಿಂಗ ಅಗಲಬಾರದೆಂಬ ನೇಮವನ್ನು ಒಂದು ಚಿತ್ರಕ್ಕಾಗಿ ಸಡಿಲಿಸುವುದೇ? ಇಲ್ಲಿ ನಮ್ಮಿಬ್ಬರಿಗೂ ಎರಡು ಮಾತಿರಲಿಲ್ಲ.

ಅಲಂಕಾರದ ಚಿತ್ರಗಳಿಗೆ ಹಿಂದಿನ ದಿನದ ಸಂಜೆ ಒಂದು ಗಂಟೆ ಮಾತ್ರ, ಅದೂ ವಿಭೂತಿ, ಇಷ್ಟಲಿಂಗಗಳೊಡನೆ, ಎಂದು ನಿಶ್ಚಯಿಸಿದೆವು. ಮಂಟಪದಲ್ಲಿ ಪಂಚಕಳಶ, ಜಂಗಮರ ಪಾದಪೂಜೆ, ಮಾಂಗಲ್ಯಧಾರಣೆ ನಡೆದಂತೆಯೇ ತೆಗೆಯತಕ್ಕದ್ದು. ಹಿರಿಯರಿಗೆ ‘ಇನ್ನೊಮ್ಮೆ ಅಕ್ಷತೆ ಹಾಕಿ’ ಎನ್ನಕೂಡದು. ಆಯ್ದ ಹತ್ತು ಚಿತ್ರಗಳ ಬದಲು ಒಂದೇ ಮದುವೆಯ ಇಡೀ ಆಲ್ಬಮ್ ಕೇಳಿ ನೋಡಿದೆವು. ಅದರಲ್ಲಿ ಬೀಗರು, ಸೋದರಮಾವಂದಿರು ಇದ್ದಾರೆಯೇ ಎಂಬುದೇ ನಮಗೆ ಮುಖ್ಯವಾಗಿತ್ತು. (ಅಜ್ಜಿಯರು ಮೊದಲು ಹುಡುಕುವುದು ತಮ್ಮ ಮುಖವನ್ನೇ!) ಛಾಯಾಗ್ರಾಹಕರು ಒಪ್ಪಿದರು; ಮುಂಗಡ ಕೊಡುವ ಮೊದಲೇ ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡೆವು.