ಮೂರಡಿ ಗಾಜು, ಎರಡು ಗಂಡು

ಟ್ಯಾಂಕಿಗೆ ಅಷ್ಟು ಹತ್ತಿರ ಬೇಡ, ಇಲ್ಲೇ ಸೋಫಾದ ಮೇಲೆ ಕೂತುಕೊಳ್ಳಿ. ಗಾಜಿನ ಬಳಿ ಮುಖ ಒಯ್ದರೆ ತಿಂಡಿ ಬಂತೆಂದು ಮೀನುಗಳೆಲ್ಲ ಮುಂದಕ್ಕೆ ನುಗ್ಗುತ್ತವೆ. ಆಗ ನಾವು ನೋಡಲು ಬಂದದ್ದು ಕಾಣುವುದಿಲ್ಲ. ಬೆಂಗಳೂರಿನ ಒಂದು ಮನೆಯ ಹಾಲ್ ಇದು. ಸಂಜೆಯ ಹೊತ್ತು. ಟಿ.ವಿ. ಆರಿಸಿದ್ದಾರೆ, ಫಿಲ್ಟರಿನಿಂದ ನೀರು ಬೀಳುವ ಸದ್ದು ಮಾತ್ರ ಇದೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂರಡಿ ಉದ್ದ, ಒಂದಡಿ ಅಗಲದ ಟ್ಯಾಂಕು, ಸುಮಾರು 100 ಲೀಟರ್ ನೀರು. ತಳದಲ್ಲಿ ಕೋರಿಡೋರಸ್‌ಗಳು ಮರಳು ಕೆದಕುತ್ತಿವೆ. ನಡುನೀರಿನಲ್ಲಿ ನಿಯಾನ್ ಟೆಟ್ರಾಗಳ ಹಿಂಡು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳುತ್ತಿದೆ. ಮೊದಲ ನೋಟಕ್ಕೆ ಎಲ್ಲವೂ ನೆಮ್ಮದಿಯಾಗಿಯೇ ಇದೆ.

"ಅಂಕಲ್, ಹೀಟರ್ ಹಿಂದೆ ನೋಡಿ," ಎನ್ನುತ್ತಾಳೆ ಮನೆಯ ಮಗಳು. ಎಂಟನೇ ಕ್ಲಾಸಿನ ಹುಡುಗಿ. "ಬೆಳಿಗ್ಗೆಯಿಂದ ಅಲ್ಲೇ ಇದಾನೆ. ತಿಂಡಿ ಹಾಕಿದ್ರೂ ಬರ್ಲಿಲ್ಲ."

ಹೀಟರಿಗೂ ಗಾಜಿಗೂ ನಡುವಿನ ಸಂದಿಯಲ್ಲಿ ಒಂದು ಡ್ವಾರ್ಫ್ ಗೌರಾಮಿ ವಾರೆಯಾಗಿ ನಿಂತಿದೆ. ಮೈಮೇಲೆ ಕೆಂಪು, ನೀಲಿ ಪಟ್ಟೆಗಳಿರಬೇಕಾದ ಗಂಡು ಅದು; ಈಗ ಬಣ್ಣವೆಲ್ಲ ಮಾಸಿ ಬೂದಿಗೆ ತಿರುಗಿದೆ. ಬೆನ್ನಿನ ರೆಕ್ಕೆಯನ್ನು ಮೈಗೆ ಒತ್ತಿಕೊಂಡಿದೆ. ಬಾಲದ ಅಂಚು ಎರಡು ಕಡೆ ಹರಿದಿದೆ, ಹರಿದಲ್ಲಿ ಬಿಳಿ ಗೆರೆ ಮೂಡಿದೆ. ಕಿವಿರು ಬೇಗಬೇಗ ಬಡಿದುಕೊಳ್ಳುತ್ತಿದೆ.

ಈಗ ಎಡಗಡೆಯ ಮೇಲಿನ ಮೂಲೆಗೆ ಬನ್ನಿ. ಅಲ್ಲಿ ಎರಡನೇ ಗಂಡು ಇದೆ. ಅದೇ ಜಾತಿ, ಅದೇ ಅಂಗಡಿಯಿಂದ ಅದೇ ದಿನ ಬಂದದ್ದು. ಇದರ ಮೈ ಹೊಳೆಯುತ್ತಿದೆ, ಗಂಟಲ ಕೆಳಗೆ ಕಡುನೀಲಿ ಏರಿದೆ. ನೀರಿನ ಮೇಲ್ಮೈಗೆ ಬಾಯಿಟ್ಟು ಗಾಳಿ ಗುಟುಕರಿಸುತ್ತದೆ, ಕೆಳಗಿಳಿದು ಸಣ್ಣ ಗುಳ್ಳೆಗಳನ್ನು ಉಗುಳುತ್ತದೆ. ಗುಳ್ಳೆಗಳ ನಡುವೆ ಗಿಡದ ಎಳೆಗಳನ್ನು ತಂದು ಸಿಕ್ಕಿಸುತ್ತದೆ. ಗೂಡು ಕಟ್ಟುತ್ತಿದೆ. ಮೊಟ್ಟೆಯಿಡಲು ಒಂದು ಹೆಣ್ಣೂ ಈ ಟ್ಯಾಂಕಿನಲ್ಲಿಲ್ಲ, ಆದರೂ ಕಟ್ಟುತ್ತಿದೆ.

ಈಗ ಕಣ್ಣು ಮಿಟುಕಿಸಬೇಡಿ. ಹೀಟರಿನ ಹಿಂದಿದ್ದ ಗಂಡು ಮೇಲಕ್ಕೆ ಬರುತ್ತಿದೆ. ಬರಲೇಬೇಕು. ಗೌರಾಮಿಗಳ ತಲೆಯಲ್ಲಿ, ಕಿವಿರಿನ ಮೇಲ್ಗಡೆ, ಲ್ಯಾಬಿರಿಂತ್ ಎಂಬ ಮಡಿಕೆಮಡಿಕೆಯ ಅಂಗವಿದೆ. ಗಾಳಿಯಿಂದ ನೇರವಾಗಿ ಆಮ್ಲಜನಕ ಹೀರಲಿಕ್ಕೆ ಅದು. ಆಗಾಗ ಮೇಲೆ ಬಂದು ಗಾಳಿ ನುಂಗದೆ ಈ ಮೀನಿಗೆ ಸರಿಹೋಗುವುದಿಲ್ಲ. ಬಾಯಿ ಮೇಲ್ಮೈಗೆ ತಾಗಿತೋ ಇಲ್ಲವೋ, ಆ ಮೂಲೆಯ ಗಂಡು ಮೂರಡಿಯನ್ನೂ ಒಂದೇ ಏಟಿಗೆ ದಾಟಿ ಬಂದು ಪಕ್ಕೆಗೆ ಗುದ್ದಿತು. ಟೆಟ್ರಾಗಳು ಚದುರಿದವು. ಪೆಟ್ಟು ತಿಂದದ್ದು ಅರ್ಧ ಉಸಿರಿನಲ್ಲೇ ಮತ್ತೆ ಸಂದಿಗೆ ಸೇರಿತು.

ಹುಡುಗಿ ನನ್ನ ಮುಖ ನೋಡುತ್ತಾಳೆ. "ಅವನು ಯಾಕೆ ಅಷ್ಟು ಕೆಟ್ಟವನು?"

ಕೆಟ್ಟದ್ದಲ್ಲ. ಗಂಗಾ, ಬ್ರಹ್ಮಪುತ್ರ ಬಯಲಿನ ಹಳ್ಳಕೊಳ್ಳಗಳಲ್ಲಿ, ಗಿಡಗಂಟಿ ತುಂಬಿದ ನಿಧಾನ ನೀರಿನಲ್ಲಿ ಬದುಕುವ ನಮ್ಮ ದೇಶದ್ದೇ ಮೀನು ಇದು. ಅಲ್ಲಿ ಗಂಡಿಗೆ ಗೂಡು ಕಾಯುವುದೇ ಕೆಲಸ. ಮೊಟ್ಟೆ ಇಟ್ಟ ಮೇಲೆ ಹೆಣ್ಣನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬೇರೆ ಗಂಡು ಬಂದರೆ ರೆಕ್ಕೆ ಅಗಲಿಸಿ ಪಕ್ಕಕ್ಕೆ ಪಕ್ಕ ನಿಲ್ಲುತ್ತದೆ, ಬಾಲದಿಂದ ನೀರು ತಳ್ಳುತ್ತದೆ. ಎದುರಾಳಿ ಅಳುಕಿದರೆ ಅಲ್ಲಿಗೆ ಮುಗಿಯಿತು. ಸೋತದ್ದು ನಾಲ್ಕು ಮಾರು ಈಜಿ ಜೊಂಡಿನ ಹಿಂದೆ ಮರೆಯಾಗುತ್ತದೆ, ಗೆದ್ದದ್ದು ಬೆನ್ನಟ್ಟುವುದನ್ನು ಬಿಟ್ಟು ಗೂಡಿಗೆ ಮರಳುತ್ತದೆ. ಇಲ್ಲಿ ಸೋತದ್ದಕ್ಕೆ ಹೋಗಲು ಜಾಗವಿಲ್ಲ. ಎಷ್ಟು ಓಡಿದರೂ ಗೆದ್ದದ್ದರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಜಗಳ ಮೀನಿನ ಸ್ವಭಾವ. ಅದನ್ನು ಚಿತ್ರಹಿಂಸೆಯಾಗಿಸಿದ್ದು ನಾಲ್ಕು ಗಾಜು. ಆ ಗಾಜು ಇಟ್ಟವರು ನಾವು.

ಪ್ರಾಣಿಗಳ ನಡವಳಿಕೆ ಕುರಿತ ಕೆಲಸಕ್ಕೆ 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ನಿಕೋ ಟಿಂಬರ್ಗೆನ್ ಒಬ್ಬರು. ಅವರು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನನ್ನು ಗಾಜಿನ ತೊಟ್ಟಿಗಳಲ್ಲಿ ಸಾಕಿದ್ದರು. ಮೀನಿನ ಆಕಾರವೇ ಇಲ್ಲದ ಒರಟು ಗೊಂಬೆಗೆ ಕೆಳಗೆ ಕೆಂಪು ಬಳಿದು ಇಳಿಬಿಟ್ಟರೆ ಗಂಡುಗಳು ಮೇಲೆರಗುತ್ತಿದ್ದವು. ಕಿಟಕಿಯಾಚೆ ಕೆಂಪು ಅಂಚೆ ವ್ಯಾನು ಹಾದುಹೋದರೂ ತೊಟ್ಟಿಯ ಆ ಬದಿಗೆ ನುಗ್ಗುತ್ತಿದ್ದವಂತೆ. ಗಂಡು ಗೌರಾಮಿಯೂ ಕಣ್ಣಿಗೆ ಕಂಡದ್ದಕ್ಕೇ ಕೆರಳುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ: ಒಂದರ ಕಣ್ಣಿಗೆ ಇನ್ನೊಂದು ಬೀಳದ ಹಾಗೆ ಮಾಡಿದರೆ ಅರ್ಧ ಜಗಳ ನಿಂತಂತೆ.

ಹುಡುಗಿಯ ತಂದೆ ಬಕೆಟ್ ತಂದಿದ್ದಾರೆ. "ಪಾಪದ್ದನ್ನ ತೆಗೆದುಬಿಡೋಣ್ವಾ ಸಾರ್?"

ಬೇಡ, ಹೊಡೆಯುವುದನ್ನು ತೆಗೆಯಿರಿ. ಪೆಟ್ಟು ತಿಂದದ್ದನ್ನು ತೆಗೆದರೆ ಮೂಲೆಯ ಒಡೆತನ ಹಾಗೇ ಉಳಿಯುತ್ತದೆ, ನಾಳೆ ಇನ್ನೊಂದು ಮೀನಿಗೆ ಪಾಳಿ ಬರುತ್ತದೆ. ಟ್ಯಾಂಕಿನದೇ ನೀರನ್ನು ಬಕೆಟ್ಟಿಗೆ ತುಂಬುತ್ತೇವೆ, ಸ್ಪಂಜ್ ಫಿಲ್ಟರ್ ಇಳಿಸಿ ಏರ್ ಪಂಪ್ ಹಾಕುತ್ತೇವೆ. ಟ್ಯಾಂಕಿನ ಲೈಟ್ ಆರಿಸಿ, ಎರಡು ನೆಟ್ ಹಿಡಿದು, ಒಂದರಿಂದ ಮೆಲ್ಲಗೆ ತಳ್ಳುತ್ತ ಇನ್ನೊಂದರೊಳಗೆ ಬರಮಾಡುತ್ತೇವೆ. ಅಟ್ಟಾಡಿಸಿ ಹಿಡಿದರೆ ಎಲ್ಲ ಮೀನುಗಳೂ ಬೆದರುತ್ತವೆ. ಬಕೆಟ್ಟಿನ ಮೇಲೆ ಜಾಲರಿ ಮುಚ್ಚಿ, ಅದು ಹಾರುತ್ತದೆ.

ಈಗ ಕೈ ತೋಳಿನವರೆಗೂ ನೀರಿಗಿಳಿಯುತ್ತದೆ. ಡ್ರಿಫ್ಟ್‌ವುಡ್ ಕೊರಡು ಬಲಗಡೆಯಿಂದ ನಡುವಿಗೆ ಬಂತು, ಅಡ್ಡಗೋಡೆಯಾಗಿ ನಿಂತಿತು. ಅದರ ಬೆನ್ನಿಗೆ ವ್ಯಾಲಿಸ್ನೇರಿಯಾದ ಉದ್ದನೆಯ ಗಿಡಗಳನ್ನು ಒತ್ತೊತ್ತಾಗಿ ನೆಡುತ್ತೇವೆ. ನೀರಿನ ಮೇಲೆ ಎರಡು ಕಡೆ ಅಂತರಗಂಗೆ ತೇಲಿಬಿಡುತ್ತೇವೆ. ಬೇರು ಜೋಲುತ್ತದೆ, ಮೇಲ್ಮೈಯಲ್ಲೇ ಮರೆ ಸಿಗುತ್ತದೆ. ಎಷ್ಟೋ ಜನ ತಳದಲ್ಲಿ ಗುಹೆ, ಕೋಟೆ ಎಂದೆಲ್ಲ ಇಡುತ್ತಾರೆ. ಉಸಿರಿಗೆ ಮೇಲೆ ಬರುವ ಮೀನಿಗೆ ತಳದ ಗುಹೆಯಿಂದ ಏನು ಪ್ರಯೋಜನ? ಹಿಂದಿನ ಗಾಜಿಗೆ ಹಾಳೆ ಅಂಟಿಸಿದೆವು. ಹಾಲ್‌ನ ದೀಪ ಆರಿ ಟ್ಯಾಂಕಿನ ದೀಪ ಮಾತ್ರ ಉರಿಯುವಾಗ ಒಳಗಿನಿಂದ ಗಾಜು ಕನ್ನಡಿಯಾಗುತ್ತದೆ, ಗಂಡು ತನ್ನ ಬಿಂಬದ ಮೇಲೇ ಎರಗುತ್ತದೆ.

ಬಕೆಟ್ಟಿನಲ್ಲಿರುವುದನ್ನು ಈಗ ಸರಿಯಾಗಿ ನೋಡಿ. ಬೆನ್ನಿನ ರೆಕ್ಕೆ ಹಿಂದಕ್ಕೆ ಚೂಪಾಗಿದೆ. ಹೆಣ್ಣಿನದು ದುಂಡಗಿರುತ್ತದೆ, ಮೈ ಬೆಳ್ಳಿ ಬಣ್ಣ. ಅಂಗಡಿಯಲ್ಲಿ ಇವನ್ನು ಜೋಡಿ ಎಂದು ಕೊಟ್ಟಿದ್ದರಂತೆ. ಬಣ್ಣವಿರುವುದು ಗಂಡಿಗೆ, ಮಾರಾಟವಾಗುವುದು ಬಣ್ಣ. ಹಾಗಾಗಿ ಎಷ್ಟೋ ಅಂಗಡಿಗಳಲ್ಲಿ ಹೆಣ್ಣೇ ಸಿಗುವುದಿಲ್ಲ. ಬಣ್ಣದ ಎರಡು ಡ್ವಾರ್ಫ್ ಗೌರಾಮಿ ಕೊಂಡರೆ ಎರಡೂ ಗಂಡೇ ಎಂದುಕೊಳ್ಳಿ.

ಮುಂದಿನ ಭಾನುವಾರ ಮತ್ತೆ ಅದೇ ಟ್ಯಾಂಕಿನ ಮುಂದೆ. ಉಳಿದ ಗಂಡಿಗೆ ಕೆಂಪು ಮರಳಿದೆ, ಬಾಲದ ಗಾಯ ಕೂಡಿಕೊಳ್ಳುತ್ತಿದೆ, ಹುಡುಗಿ ಹಾಕಿದ ಪೆಲೆಟ್ಟನ್ನು ಮೊದಲು ಬಂದು ತಿನ್ನುತ್ತಿದೆ. ಲೈಟ್ ಆರಿಸಿ, ಎರಡೂ ತುದಿಯಲ್ಲಿ ತಿಂಡಿ ಹಾಕಿ, ಬಕೆಟ್ಟಿನದನ್ನು ಬಿಡುತ್ತೇವೆ. ಹಳೆಯ ಮೂಲೆ ಹುಡುಕುತ್ತದೆ. ಮೂಲೆಯೂ ಇಲ್ಲ, ಗೂಡೂ ಇಲ್ಲ. ಉದ್ದನೆಯ ಎರಡು ಮೀಸೆರೆಕ್ಕೆಗಳಿಂದ ಗಿಡಗಳನ್ನು ಮುಟ್ಟಿ ಮುಟ್ಟಿ ನೋಡುತ್ತದೆ. ಎರಡೂ ಎದುರಾದವು, ರೆಕ್ಕೆ ಅಗಲಿಸಿದವು, ಸುತ್ತಿದವು, ಒಂದು ಸಣ್ಣ ಓಟ. ಆದರೆ ಓಟ ಡ್ರಿಫ್ಟ್‌ವುಡ್ಡಿನ ಬಳಿ ಕಡಿಯಿತು. ಸೋತದ್ದು ಅಂತರಗಂಗೆಯ ಬೇರಿನೊಳಗೆ ನುಸುಳಿ, ಬಾಯಿ ಮೇಲೆತ್ತಿ, ಪೂರ್ತಿ ಉಸಿರು ತೆಗೆದುಕೊಂಡಿತು.

ಇಷ್ಟು ಸಾಕೇ? ಸಾಲದು ಎಂಬುದೇ ನನ್ನ ಮಾತು. ಮೂರಡಿಯಲ್ಲಿ ಎರಡು ಗಂಡು ಗೌರಾಮಿ ಹೊಂದಿಕೊಂಡಂತೆ ಕಂಡರೂ ಒಂದು ಸದಾ ಅಂಜಿಕೊಂಡೇ ಬದುಕುತ್ತದೆ. ಅಂಜಿದ ಮೀನಿಗೆ ರೋಗ ಬೇಗ ತಗಲುತ್ತದೆ, ಈ ಜಾತಿಯನ್ನು ಕಾಡುವ ಇರಿಡೋವೈರಸ್‌ಗೆ ಮದ್ದಿಲ್ಲ. ಎಲ್ಲ ಜಾತಿಗೂ ಒಂದೇ ಲೆಕ್ಕವೂ ಅಲ್ಲ. ಗಪ್ಪಿಯಾದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಬಿಟ್ಟರೆ ಕಾಟ ಹಂಚಿಹೋಗುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಒಳ್ಳೆಯ ಫಿಲ್ಟರ್ ಇಟ್ಟು ಬೇಕೆಂದೇ ಒತ್ತಾಗಿ ಸಾಕುತ್ತಾರೆ, ಯಾವುದೊಂದೂ ಗುರಿಯಾಗದಿರಲಿ ಎಂದು. ಗಂಡು ಬೆಟ್ಟಾ ಜೊತೆ ಇನ್ನೊಂದು ಗಂಡು ಬೆಟ್ಟಾ ಯಾವತ್ತೂ ಕೂಡದು.

"ಹಾಗಾದ್ರೆ ಒಂದನ್ನ ಕೆರೆಗೆ ಬಿಟ್ಟುಬಿಡ್ಲಾ ಸಾರ್? ಎಲ್ಲೋ ಬದುಕ್ಕೊಳ್ಳುತ್ತೆ," ಎಂದರು ತಂದೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಅಂಥ ಮನಸ್ಸಿನಿಂದಲೇ ಜನ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇವತ್ತು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಟ್ಯಾಂಕಿನ ರೋಗವೂ ಮೀನಿನ ಜೊತೆಗೇ ಕೆರೆಗೆ ಇಳಿಯುತ್ತದೆ. ಹುಡುಗಿ ಸ್ಕೂಲಿನ ಗೆಳತಿಯ ಮನೆಗೆ ಫೋನ್ ಮಾಡಿದಳು. ಅವರ ಟ್ಯಾಂಕಿನಲ್ಲಿ ಗೌರಾಮಿ ಇಲ್ಲ. ನೀಲಿ ಗಂಟಲಿನದು ಅಲ್ಲಿಗೆ ಹೋಯಿತು.

ನಿಮ್ಮ ಮನೆಯಲ್ಲೂ ಒಂದು ಮೀನು ಹೀಟರಿನ ಹಿಂದೆ ನಿಂತಿದ್ದರೆ ಇವತ್ತೇ ಅದರ ಎದುರಾಳಿಯನ್ನು ಬೇರೆ ಮಾಡಿ. ಆಮೇಲೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.